ಮರುಗ ಒಂದು ಕಡ್ಡಿ

ಹೂವಿನ ಮಂಡಿಯ ತಕ್ಕಡಿಗಳಿಗೆ
ಮುಳ್ಳು ಸರಿಮಾಡುವುದು ನನ್ನ ಕಸುಬು.
ಚಿಕ್ಕಬಳ್ಳಾಪುರದಲ್ಲಿ ಸೇವಂತಿಗೆಗೆ ಕಿಲೋ ಲೆಕ್ಕ,
ಮಲ್ಲಿಗೆಗೆ ಗ್ರಾಂ ಲೆಕ್ಕ, ಮಾತಿಗೆ ಲೆಕ್ಕವಿಲ್ಲ.
ಹಾಗಾಗಿ ಹದಿನೆಂಟು ಗ್ರಾಂ ಎಂದರೆ
ಹದಿನೆಂಟೇ ಗ್ರಾಂ, ನನ್ನ ಹಿತ್ತಲ ಕೋಣೆಯಲ್ಲಿ.

ಐದು ಗಾಜಿನ ಜಾಡಿ, ಒಂದೇ ಹಂಡೆಯ ಬಿಯರು.
ಹುದುಗು ತನ್ನ ಕೆಲಸ ಮುಗಿಸಿ ತಳಕ್ಕಿಳಿದಿದೆ.
ಬಣ್ಣ: ತಿಳಿಗಂಜಿಗೆ ಒಂದು ಚೂರು ಬೆಲ್ಲ ಬಿದ್ದಷ್ಟು.
ಪೇಲ್ ಏಲ್ ಅನ್ನುತ್ತೇನೆ ನಾನು.
ಪೇಲವ ಅನ್ನುತ್ತಾನೆ ನನ್ನ ತಮ್ಮ.

ಒಂದನೇ ಜಾಡಿ: ಸಿಟ್ರಾ ಮಾತ್ರ.
ಎರಡು: ಸಿಟ್ರಾ, ಮೊಸಾಯಿಕ್, ಸಮಸಮ.
ಮೂರು: ಕ್ಯಾಸ್ಕೇಡ್ ಎರಡು ಪಾಲು, ಸಿಮ್ಕೋ ಒಂದು.
ನಾಲ್ಕು: ಮೊಸಾಯಿಕ್ ಹದಿನಾರು ಗ್ರಾಂ, ಸಿಮ್ಕೋ ಎರಡು.
ಐದಕ್ಕೆ ಏನೂ ಇಲ್ಲ. ಅದು ಸಾಕ್ಷಿ.

ಹಾಪ್ ಹೂವನ್ನು ಒತ್ತಿ ಮಾಡಿದ ಹಸಿರು ಗುಳಿಗೆ, ಕೋಳಿಮೇವಿನ ಹಾಗೆ.
ತೆಳುಬಟ್ಟೆಯ ಚೀಲಕ್ಕೆ ತುಂಬಿ, ತೇಲದಿರಲೆಂದು
ಜೊತೆಗೊಂದು ಗೋಲಿ: ಸೋಡಾ ಬಾಟಲಿ ಒಡೆದು ತೆಗೆದದ್ದು,
ಇಪ್ಪತ್ತು ನಿಮಿಷ ಕುದಿಸಿದ್ದು.
ಹೂವನ್ನು ಮಾತ್ರ ಕುದಿಸುವಂತಿಲ್ಲ,
ಕುದಿಸಿದರೆ ಕಹಿ ಉಳಿದು ಗಂಧ ಹಾರಿಹೋಗುತ್ತದೆ.
ಡ್ರೈ ಹಾಪ್ ಅಂತ ಹೆಸರು. ನೆನೆಯಲು ಬಿಟ್ಟದ್ದನ್ನು
ಒಣ ಎಂದು ಯಾಕೆ ಕರೆದರೋ.
ಸುಮ್ಮನೆ ಮೂರು ದಿನ. ನಾಲ್ಕಾದರೆ ಹುಲ್ಲು.
ವಾರವಾದರೆ ಕೊಟ್ಟಿಗೆ. ಇದು ಕಲಿತದ್ದು
ಯುಗಾದಿ ಹೊತ್ತಿಗೆ, ಹದಿನೈದು ಲೀಟರು ಮೋರಿಗೆ ಸುರಿದು.

ಪೊಟ್ಟಣದ ಮೇಲೆ ಬರೆದಿದ್ದರು: ಗ್ರೇಪ್‌ಫ್ರೂಟು, ಪೈನು,
ಬ್ಲೂಬೆರ್ರಿ, ಪ್ಯಾಶನ್ ಫ್ರೂಟು.
ನಾನು ಪೆನ್ಸಿಲಿನಲ್ಲಿ ತಿದ್ದಿಕೊಂಡೆ:
ದೇವನಹಳ್ಳಿ ಚಕ್ಕೋತದ ಸಿಪ್ಪೆ, ಉಗುರಿನಿಂದ ಗೀರಿದಾಗ.
ತೊಟ್ಟು ಮುರಿದ ಮಾವಿನ ಸೊನೆ.
ನೇರಳೆ ತಿಂದ ನಾಲಗೆ.
ಪ್ಯಾಶನ್ ಫ್ರೂಟಿನ ಮುಂದೆ ಖಾಲಿ. ಆ ಹಣ್ಣು ನಾನು ಕಂಡಿಲ್ಲ.

ಮೂರನೇ ದಿನ, ಬೆಳಗಿನಿಂದ ಮೂಸಿ ಮೂಸಿ,
ಮಧ್ಯಾಹ್ನಕ್ಕೆ ಐದೂ ಜಾಡಿ ಒಂದೇ ಜಾಡಿ.
ತಕ್ಕಡಿಯಾದರೆ ಕಲ್ಲಿಟ್ಟು ನೋಡಬಹುದು.
ಮೂಗಿಗೆ ಯಾವ ಇಲಾಖೆ ಮುದ್ರೆ ಒತ್ತುತ್ತದೆ?

ಅಷ್ಟರಲ್ಲಿ ಅಕ್ಕಾಯಮ್ಮ ಬಂದಳು, ತನ್ನ ತಕ್ಕಡಿ ಒಯ್ಯಲು.
ಮೂವತ್ತೆರಡು ವರ್ಷ ಹೂ ಕಟ್ಟಿದ ಕೈ,
ಬಾಳೆನಾರು ಈಗಲೂ ಹೆಬ್ಬೆರಳಿಗೆ ಸುತ್ತಿಕೊಂಡೇ ಇತ್ತು.
"ಕುಡಿಯಲ್ಲ ನಾಯ್ನಾ. ಬೇಕಾದ್ರೆ ಮೂಸ್ತೀನಿ."
ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿದಳು.

ಒಂದು: "ಬರೀ ಮಲ್ಲಿಗೆ. ಮುಂದಿನದು."
ಎರಡು: "ಇಬ್ಬರೂ ಯಜಮಾನ್ರು. ಯಾರೂ ಎದ್ದು ಜಾಗ ಕೊಡಲ್ಲ."
ಮೂರಕ್ಕೆ ಮೂಗು ಮುರಿದಳು, ಮಾತಿಲ್ಲ.
ನಾಲ್ಕು. ತಲೆಯೆತ್ತಿ ಐದಕ್ಕೆ ಹೋದಳು:
"ಇದೇನು, ಹಳಸಿದ ಅಂಬಲಿ?"
ಮತ್ತೆ ನಾಲ್ಕಕ್ಕೇ ಬಂದು ಬಗ್ಗಿದಳು.
"ಇದರಲ್ಲಿ ಮರುಗ ಇಟ್ಟಿದ್ದೀಯ.
ಒಂದು ಮಾರಿಗೆ ಒಂದು ಕಡ್ಡಿ, ಸರಿಯಾಗಿದೆ.
ಮರುಗ ಇದೆ ಅಂತ ಕಾಣಬಾರದು.
ಇಲ್ಲದಿದ್ರೆ ಮಾತ್ರ ಗೊತ್ತಾಗ್ಬೇಕು."

ಸಿಮ್ಕೋ, ಎರಡು ಗ್ರಾಂ, ಗೆದ್ದಿತು
ಎಂದು ಖುಷಿಯಲ್ಲಿ ಬರೆದುಕೊಳ್ಳುತ್ತಿದ್ದೆ.
ಅವಳು ನಾರು ಬಿಚ್ಚುತ್ತ ಅಂದಳು,
ಇನ್ಯಾರದೋ ಸುದ್ದಿ ಹೇಳಿದ ಹಾಗೆ:
"ಮಲ್ಲಿಗೆ ವಾಸನೆ ನಂಗೆ ಬರದೆ ಹನ್ನೊಂದು ವರ್ಷ ಆಯ್ತು.
ಬುಟ್ಟೀಲಿ ಮುಖ ಇಟ್ರೂ ಇಲ್ಲ.
ಮರುಗ ಬರುತ್ತೆ. ದವನ ಒಂಚೂರು."

"ಮತ್ತೆ ಒಂದನೇ ಜಾಡಿ ಮಲ್ಲಿಗೆ ಅಂದೆಯಲ್ಲ?"

"ಅದರಲ್ಲಿ ಏನೂ ಬರಲಿಲ್ಲ.
ಏನೂ ಬರದಿದ್ರೆ ನಂಗೆ ಅದು ಮಲ್ಲಿಗೆ."

ತಕ್ಕಡಿ ಎತ್ತಿಕೊಂಡಳು, ಐವತ್ತು ರೂಪಾಯಿ ಕೊಟ್ಟಳು,
ಹತ್ತು ವಾಪಸು ಕೇಳಿ ಇಸಿದುಕೊಂಡಳು.

ಗೆದ್ದಿತು ಎಂಬುದನ್ನು ನಾನು ಹೊಡೆದುಹಾಕಲಿಲ್ಲ.
ಪುಟ ಹಿಂದಕ್ಕೆ ತಿರುವಿ, ಪ್ಯಾಶನ್ ಫ್ರೂಟಿನ ಮುಂದೆ
ಮಲ್ಲಿಗೆ ಎಂದು ಬರೆದೆ.

ಹೊತ್ತಾಗಿತ್ತು, ಚೀಲ ಎತ್ತಬೇಕಿತ್ತು.
ನಾಲ್ಕನೆಯದನ್ನು ಎತ್ತುವಾಗ
ಗೋಲಿ ಗಾಜಿಗೆ ತಾಗಿ
ಟಿಣ್ ಅಂದಿತು.